ಅಳಿಲಿನ ಹಿಂದೆ ಓಡಿ ಬೇಲಿ ಕೆಳಗೆ ಅಗೆಯುವ ನಾಯಿಗೆ ಏನು ಮಾಡಬೇಕು?

ನಿಮ್ಮ ಎರಡು ವರ್ಷದ ನಾಯಿ ಹಿತ್ತಲಲ್ಲಿ ಅಳಿಲು, ಮುಂಗುಸಿ ಕಂಡರೆ ಸಾಕು, ಎಷ್ಟು ಕರೆದರೂ ಕಿವಿಗೆ ಹಾಕಿಕೊಳ್ಳದೆ ಓಡುತ್ತದೆ ಅಂತ ಬರೆದಿದ್ದೀರಿ. ತಂತಿಬೇಲಿ ಕೆಳಗೆ ಅಗೆದು ಎರಡು ಸಲ ಆಚೆ ಹೋಗಿದೆ. ಹೊಡೆಯಬೇಕಾ, ಕಟ್ಟಿ ಹಾಕಬೇಕಾ, ಬೇಲಿ ಎತ್ತರಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ಹೊಡೆಯಬೇಡಿ. ಕಟ್ಟಿ ಹಾಕಿ ಒಂಟಿಯಾಗಿ ಬಿಡಬೇಡಿ. ಬೇಲಿ ಎತ್ತರಿಸುವ ಮುಂಚೆ ಅದರ ಬುಡ ನೋಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಚಿನ್ನಿಯೂ ಹೀಗೇ ಇದ್ದಳು. ಹಿಂಬಾಗಿಲು ತೆಗೆದರೆ ಬಾಣದ ಹಾಗೆ ಹೋಗಿ ಮರಕ್ಕೆ ಮುಂಗಾಲು ಕೊಟ್ಟು ನಿಲ್ಲುತ್ತಿದ್ದಳು. ಒಂದು ದಿನ ಗೂಡಿನಿಂದ ಬಿದ್ದಿದ್ದ ಅಳಿಲುಮರಿಯನ್ನು ಬಾಯಲ್ಲಿ ಹಿಡಿದು ನನ್ನ ಹತ್ತಿರವೇ ತಂದಳು. ಚಿನ್ನಿಯ ಬಾಲ ಆಡುತ್ತಿತ್ತು. ಮರಿ ನನ್ನ ಬೆರಳಿನಷ್ಟು ಉದ್ದ, ಕಣ್ಣು ಇನ್ನೂ ಬಿಟ್ಟಿರಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡಾಗ ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ಗದರಲು ಬಾಯಿ ತೆಗೆದವಳು ಹಾಗೇ ನಿಂತುಬಿಟ್ಟೆ. ಚೆಂಡು ತಂದು ಕೊಡುವಾಗ ಹೇಗೆ ನೋಡುತ್ತಾಳೋ ಹಾಗೇ ನನ್ನನ್ನು ನೋಡುತ್ತಿದ್ದಳು. ಮರಿ ಬೀಳುವ ಕಾಲದಲ್ಲಿ ಅವಳನ್ನು ಒಂಟಿಯಾಗಿ ಹಿತ್ತಲಿಗೆ ಬಿಟ್ಟಿದ್ದು ನಾನು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ನಾಯಿಗೆ ಓಡುವುದೇ ಬಹುಮಾನ. ಅಳಿಲು ಸಿಗಬೇಕೆಂದೇನೂ ಇಲ್ಲ. ತೋಳ ಬೇಟೆಯಾಡುವಾಗ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಸಾಕುನಾಯಿಗಳಲ್ಲಿ ಇದರ ಒಂದೊಂದು ತುಂಡು ಉಳಿದುಕೊಂಡಿದೆ. ಕುರಿ ಕಾಯುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು ಜೋರು. ಟೆರಿಯರ್ ಅನ್ನುವ ನಾಯಿಜಾತಿಯ ಹೆಸರೇ ಮಣ್ಣು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಬಿಲಕ್ಕೆ ನುಗ್ಗಿ ಪ್ರಾಣಿ ಹೊರಡಿಸಲಿ ಅಂತಲೇ ಅವನ್ನು ತಲೆಮಾರುಗಟ್ಟಲೆ ಬೆಳೆಸಿದ್ದಾರೆ. ಅಂಥ ನಾಯಿ ಅಗೆದರೆ ಅದು ಹಟ ಅಲ್ಲ, ಹುಟ್ಟುಗುಣ. ಇನ್ನು ಕಿವಿ. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನದ ದನಿ) ತನಕ ಕೇಳುತ್ತದೆ, ನಾಯಿಗೆ ಸುಮಾರು 45,000 ತನಕ. ನಮಗೆ ಕೇಳಿಸದ ಇಲಿಗಳ ಕೀಚಲು ದನಿ ಅದಕ್ಕೆ ಕೇಳುತ್ತದೆ. ಏನೂ ಇಲ್ಲದ ಕಡೆ ಸುಮ್ನೆ ಕೆರೆಯುತ್ತಿದೆ ಅಂತ ನಮಗೆ ಅನ್ನಿಸುತ್ತದೆ ಅಲ್ವಾ, ಅಲ್ಲಿ ಏನೋ ಇರಲೂಬಹುದು.

ಹಾಗಾಗಿ ಓಡಿ ಬಂದ ಮೇಲೆ ಹೊಡೆದರೆ ಅದಕ್ಕೆ ತಿಳಿಯುವುದು ಒಂದೇ: ನಿಮ್ಮ ಹತ್ತಿರ ಬಂದರೆ ಏಟು ಬೀಳುತ್ತದೆ. ಮುಂದಿನ ಸಲ ಕರೆದಾಗ ಬರುವುದು ಇನ್ನೂ ತಡ.

ಈಗ ಬೇಲಿ ವಿಷಯ. ಒಂದು ಕೆಲಸ ಮಾಡಿ. ಮಂಡಿಯೂರಿ, ನಾಯಿಯ ಕಣ್ಣಿನ ಎತ್ತರದಲ್ಲಿ, ಇಡೀ ಬೇಲಿ ಸುತ್ತಿ ಬನ್ನಿ. ನಾನು ಹೀಗೆ ಹೋದಾಗ ನಿಂತು ನೋಡಿದರೆ ಕಾಣದ ಮೂರು ಜಾಗ ಸಿಕ್ಕವು. ಒಂದು ಕಡೆ ತಂತಿಯ ತುದಿಗೆ ಚಿನ್ನಿಯ ಕಂದು ಕೂದಲು ಸಿಕ್ಕಿಕೊಂಡಿತ್ತು. ಕೆಳಗಿನ ಮಣ್ಣು ಹೊಟ್ಟೆ ಉಜ್ಜಿ ಉಜ್ಜಿ ನುಣುಪಾಗಿತ್ತು. ಅಂದರೆ ಅವಳು ಅಲ್ಲಿ ಎಷ್ಟೋ ದಿನದಿಂದ ಪ್ರಯತ್ನ ಮಾಡುತ್ತಿದ್ದಳು, ನನಗೆ ಗೊತ್ತಾಗಿದ್ದು ಆಚೆ ಹೋದ ಮೇಲೆ. ಇನ್ನೊಂದು ಕಡೆ ಕಂಬದ ಪಕ್ಕ ತಂತಿ ಸಡಿಲವಾಗಿತ್ತು. ಮೂರನೆಯದು ಗೇಟಿನ ಕೆಳಗಿನ ಸಂದು. ನಾಯಿ ಬೇಲಿಯನ್ನು ಎಲ್ಲೆಂದರಲ್ಲಿ ಪರೀಕ್ಷೆ ಮಾಡುವುದಿಲ್ಲ. ಅಳಿಲೋ ಇಲಿಯೋ ಎಲ್ಲಿ ಕಣ್ಮರೆಯಾಯಿತೋ ಅಲ್ಲೇ ಮಾಡುತ್ತದೆ. ಆ ಜಾಗ ಗುರುತು ಹಾಕಿಕೊಳ್ಳಿ.

ಅಗೆಯುವ ನಾಯಿಗೆ ಬೇಲಿ ಬುಡದಲ್ಲಿ ಇಟ್ಟಿಗೆ, ಕಲ್ಲು ಪೇರಿಸುತ್ತಾರೆ. ನಾನೂ ಪೇರಿಸಿದ್ದೆ, ಅವಳು ಪಕ್ಕದಲ್ಲೇ ಅಗೆದಳು. ಕೆಲಸಕ್ಕೆ ಬಂದದ್ದು ಜಾಲರಿ. ಗಟ್ಟಿ ತಂತಿ ಜಾಲರಿಯನ್ನು ಬೇಲಿಯ ಬುಡಕ್ಕೆ ಕಟ್ಟಿ, ಅಲ್ಲಿಂದ ಮಡಚಿ ಒಳಗಡೆಗೆ ಎರಡು ಅಡಿಯಷ್ಟು ನೆಲದ ಮೇಲೆ ಹಾಸಿ. ಗೂಟ ಹೊಡೆದು ಬಿಗಿ ಮಾಡಿ, ಮೇಲೆ ಮಣ್ಣು ಹರಡಿ. ಚೂಪಾದ ತುದಿಗಳನ್ನು ಒಳಕ್ಕೆ ಮಡಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪಾದ ಕುಯ್ಯುತ್ತದೆ. ಸ್ವಲ್ಪ ದಿನದಲ್ಲಿ ಹುಲ್ಲು ಬೆಳೆದು ಜಾಲರಿ ಕಾಣುವುದೇ ಇಲ್ಲ. ನಾಯಿ ಸಾಮಾನ್ಯವಾಗಿ ಬೇಲಿಗೆ ಮೂಗು ತಾಗಿಸಿಕೊಂಡೇ ಅಗೆಯುತ್ತದೆ. ಉಗುರಿಗೆ ತಂತಿ ಸಿಕ್ಕರೆ, ಎರಡು ಅಡಿ ಹಿಂದೆ ಬಂದು ಅಗೆಯೋಣ ಅಂತ ಅದಕ್ಕೆ ಹೊಳೆಯುವುದು ಅಪರೂಪ.

ಹಾರುವ ನಾಯಿಯಾದರೆ ಬೇಲಿಯ ಹತ್ತಿರ ಇರುವ ಕುಂಡ, ಡ್ರಮ್ಮು, ಸೌದೆ ರಾಶಿ ಮೊದಲು ಎತ್ತಿ. ಅವೇ ಅದಕ್ಕೆ ಮೆಟ್ಟಿಲು. ಆಚೆ ಕಡೆ ಓಡಾಟ ಜಾಸ್ತಿ ಇರುವಲ್ಲಿ ಕೆಳಭಾಗಕ್ಕೆ ಹಸಿರು ಬಲೆ ಕಟ್ಟಿ. ಕಣ್ಣಿಗೆ ಕಾಣದಿದ್ದರೆ ಅರ್ಧ ರಂಪ ಕಡಿಮೆ.

ಕಟ್ಟಿ ಹಾಕುವ ವಿಷಯದಲ್ಲಿ ದಯವಿಟ್ಟು ಹುಷಾರು. ಬೇಲಿ ಹತ್ತಿರ ಕಟ್ಟಿದ ನಾಯಿ ಹಾರಲು ಹೋಗಿ ಹಗ್ಗಕ್ಕೆ ನೇತಾಡಿ ಸಾಯಬಹುದು. ಶಾಕ್ ಕೊಡುವ ಕಾಲರ್ ಹಾಕಿ, ದಾಟಲು ಹೋದರೆ ಶಾಕ್ ಹೊಡೆಯುವ, ಕಣ್ಣಿಗೆ ಕಾಣದ ಗಡಿ ಮಾಡಿ ಅಂತಲೂ ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಓಟದ ಜೋರಿನಲ್ಲಿ ನಾಯಿ ಶಾಕ್ ತಿಂದುಕೊಂಡೇ ದಾಟಿಬಿಡಬಹುದು. ಆಮೇಲೆ ವಾಪಸ್ ಬರಲು ಅದೇ ಶಾಕಿಗೆ ಹೆದರಿ ಆಚೆಯೇ ಉಳಿಯುತ್ತದೆ. ನೋವಾದ ಹೊತ್ತಲ್ಲಿ ಎದುರಿಗೆ ಒಂದು ಮಗು ಇದ್ದರೆ, ನೋವು ಕೊಟ್ಟಿದ್ದು ಆ ಮಗು ಅಂತ ನಾಯಿ ತಿಳಿದುಕೊಳ್ಳಬಹುದು.

ಬೇಲಿ ಸರಿಯಾದ ಮಾತ್ರಕ್ಕೆ ಆಸೆ ಹೋಗುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು. ಕೆಲವು ವಾರ ನಾಯಿಯನ್ನು ಒಂಟಿಯಾಗಿ ಹಿತ್ತಲಿಗೆ ಬಿಡಬೇಡಿ. ಹಾರ್ನೆಸ್ (ಎದೆ ಸುತ್ತ ತೊಡಿಸುವ ಪಟ್ಟಿ) ಹಾಕಿ, ಅದಕ್ಕೆ 10 ಮೀಟರ್ ಉದ್ದದ ಹಗ್ಗ ಕಟ್ಟಿ, ಜೊತೆಗೆ ನೀವೂ ಹೋಗಿ. ಕಾಲರಿಗೆ ಕಟ್ಟಬೇಡಿ, ಓಡಿ ಜಗ್ಗಿದಾಗ ಕತ್ತಿಗೆ ಪೆಟ್ಟಾಗುತ್ತದೆ. ಅಳಿಲು ದೂರದಲ್ಲಿ ಕಂಡು ನಾಯಿ ಕಿವಿ ನಿಮಿರಿಸಿ ನಿಲ್ಲುತ್ತದಲ್ಲ, ಆ ಕ್ಷಣ ಚಿನ್ನದಂಥದ್ದು. ಓಟ ಇನ್ನೂ ಶುರುವಾಗಿಲ್ಲ. ಆಗಲೇ ಮೆಲ್ಲಗೆ ‘ಭೇಷ್’ ಅನ್ನಿ, ಅದಕ್ಕೆ ತುಂಬ ಇಷ್ಟವಾದ ತಿಂಡಿ ಕೊಡಿ. ದಿನಾ ಹೀಗೆ ಮಾಡಿದರೆ ನಿಧಾನಕ್ಕೆ ಅಳಿಲು ಕಂಡ ಕೂಡಲೇ ನಿಮ್ಮ ಕಡೆ ತಿರುಗುವುದನ್ನು ಕಲಿಯುತ್ತದೆ. ಓಟ ಶುರುವಾದ ಮೇಲೆ ಹೆಸರು ಹಿಡಿದು ಕೂಗಬೇಡಿ. ಕೂಗಿದಷ್ಟೂ ಹೆಸರಿಗೆ ಬೆಲೆ ಇಲ್ಲದ ಹಾಗಾಗುತ್ತದೆ.

ಚಿನ್ನಿಗೆ ಇನ್ನೊಂದು ಉಪಾಯ ತುಂಬ ಹಿಡಿಸಿತು. ಡೇವಿಡ್ ಪ್ರಿಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞರು 1959ರಲ್ಲಿ ಒಂದು ಮಾತು ಮುಂದಿಟ್ಟರು: ಜಾಸ್ತಿ ಇಷ್ಟದ ಕೆಲಸವನ್ನೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನ ಮಾಡಬಹುದು. ಚಿನ್ನಿ ಕರೆದಾಗ ಬಂದರೆ, ಅಳಿಲು ಮರ ಹತ್ತಿ ಹೋದ ಮೇಲೆ ನಾನೇ ಅವಳನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ತೊಗಟೆ ಪೂರ್ತಿ ಮೂಸಲು ಬಿಡುತ್ತಿದ್ದೆ. ಮೂಸಿ ಮೂಸಿ ಸೀನಿ, ತೃಪ್ತಿಯಾಗಿ ನೆಲದ ಮೇಲೆ ಉರುಳುತ್ತಿದ್ದಳು. ಇದರ ಜೊತೆಗೆ ಮೂಲೆಯಲ್ಲಿ ಅವಳಿಗೇ ಅಂತ ಮರಳು ಹಾಕಿ, ಆಟಿಕೆ ಹೂತಿಟ್ಟೆ. ಅಗೆಯುವುದಿದ್ದರೆ ಅಲ್ಲಿ. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ಐದು ನಿಮಿಷ ಓಡಿಸಿದರೂ ಅಟ್ಟುವ ಆಸೆ ಎಷ್ಟೋ ತೀರುತ್ತದೆ. ಕೊನೆಗೆ ಬಟ್ಟೆ ಅವಳ ಬಾಯಿಗೆ ಸಿಗಲೇಬೇಕು.

ಹಿತ್ತಲಿನ ಜೀವಿಗಳ ಕಡೆಯೂ ಸ್ವಲ್ಪ ನೋಡಿ. ನಾಯಿ ಬಿಡುವ ಮುಂಚೆ ನಾನು ಬಾಗಿಲನ್ನು ನಾಲ್ಕು ಸಲ ಜೋರಾಗಿ ತಟ್ಟುತ್ತೇನೆ. ಅಳಿಲು, ಹಕ್ಕಿ ಮೇಲೆ ಹೋಗಲು ಅಷ್ಟು ಹೊತ್ತು ಸಾಕು. ಗೂಡಲ್ಲಿ ಮರಿ ಇರುವ ಕಾಲದಲ್ಲಿ ಮೊದಲು ನಾನೊಬ್ಬಳೇ ಹೋಗಿ ಮರದ ಕೆಳಗೆ ನೋಡಿ ಬರುತ್ತೇನೆ. ನಾಯಿಯ ಊಟದ ತಟ್ಟೆ ರಾತ್ರಿ ಹೊರಗೆ ಬಿಡಬೇಡಿ, ಇಲಿ ಬರುತ್ತವೆ. ಇಲಿ ಮೂತ್ರದಿಂದ ನಾಯಿಗೆ ಇಲಿಜ್ವರ ಬರುತ್ತದೆ, ಅದು ಮನುಷ್ಯರಿಗೂ ದಾಟುತ್ತದೆ. ಅದರ ಲಸಿಕೆ, ರೇಬೀಸ್ ಲಸಿಕೆ ಎರಡೂ ಹಾಕಿಸಿದೆಯಾ ನೋಡಿಕೊಳ್ಳಿ. ಕಾಡುಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ 15 ನಿಮಿಷ ತೊಳೆದು ವೈದ್ಯರ ಹತ್ತಿರ ಹೋಗಿ. ನಾಯಿ ನೆಲಗಪ್ಪೆಯನ್ನು ಕಚ್ಚಿ ಅದರ ಬಾಯಲ್ಲಿ ನೊರೆ ಬಂದರೆ ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ, ನೀರು ಗಂಟಲಿಗೆ ಇಳಿಯದ ಹಾಗೆ ತಲೆ ಬಗ್ಗಿಸಿ ತೊಳೆಯಿರಿ. ಹಾವು ಕಚ್ಚಿದ ಅನುಮಾನ ಬಂದರೂ ಸಾಕು, ಹಗ್ಗ ಬಿಗಿಯುವುದು, ಕುಯ್ಯುವುದು ಬೇಡ. ನಡೆಸದೆ ಎತ್ತಿಕೊಂಡೇ ಆಸ್ಪತ್ರೆಗೆ ಓಡಿ.

ಎರಡು ಸಲವೂ ನಿಮ್ಮ ನಾಯಿ ಒಂದೇ ಕಂಡಿಯಿಂದ ಹೋಯಿತಾ, ಬೇರೆ ಬೇರೆ ಕಡೆಯಿಂದಲಾ? ಒಂದೇ ಕಡೆಯಾದರೆ ಬೇಲಿಯಾಚೆ ಅಲ್ಲೇ ಹತ್ತಿರದಲ್ಲಿ ಬಿಲವೋ ಪೊಟರೆಯೋ ಇರಬಹುದು, ಜಾಲರಿ ಅಲ್ಲಿಂದಲೇ ಶುರು ಮಾಡಿ. ಬೇರೆ ಬೇರೆ ಕಡೆಯಾದರೆ ಬರೆಯಿರಿ, ಹಿತ್ತಲು ಎಷ್ಟು ದೊಡ್ಡದು, ನಾಯಿ ಯಾವ ತಳಿ ಅಂತಲೂ ತಿಳಿಸಿ. ನನಗೆ ತಿಳಿದದ್ದು ಖಂಡಿತ ಹೇಳುತ್ತೇನೆ.