ಓದುಗರ ಪ್ರಶ್ನೆ: ಗೋಬರ್ ಗ್ಯಾಸ್ ತೊಟ್ಟಿಯೊಳಗಿನ ಆರ್ಕಿಯಾ

ಪ್ರಶ್ನೆ: ಗೋಬರ್ ಗ್ಯಾಸ್ ಕೈಪಿಡಿಯಲ್ಲಿ ‘ಮೀಥೇನ್ ಬ್ಯಾಕ್ಟೀರಿಯಾ’ ಅಂತಿದೆ. ಮಗಳ ಪಿಯುಸಿ ಪುಸ್ತಕದಲ್ಲಿ ‘ಆರ್ಕಿಬ್ಯಾಕ್ಟೀರಿಯಾ’. ಇಂಟರ್‌ನೆಟ್‌ನಲ್ಲಿ ಬರೀ ‘ಆರ್ಕಿಯಾ’. ಯಾವುದು ಸರಿ?
— ತೀರ್ಥಹಳ್ಳಿಯ ಓದುಗರು

ಉತ್ತರ: ಜೀವಿಗಳು ಅವೇ, ಹೆಸರುಗಳು ಬೇರೆ ಬೇರೆ ಕಾಲದವು. ಈಗ ಸರಿಯಾದದ್ದು ಆರ್ಕಿಯಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಬ್ಯಾಕ್ಟೀರಿಯಾದ ಹಾಗೆಯೇ ಕಡ್ಡಿ, ಗುಂಡು, ಎಳೆ. ಆದ್ದರಿಂದ ಬಹಳ ಕಾಲ ಅಲ್ಲಿಗೇ ಸೇರಿಸಿದ್ದರು. 1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆಕಾರವನ್ನು ಬದಿಗಿಟ್ಟು, ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿದರು. ಮೀಥೇನ್ ಮಾಡುವವು ಉಳಿದ ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಲೇ ಇಲ್ಲ. ಮೊದಲು ಆರ್ಕಿಬ್ಯಾಕ್ಟೀರಿಯಾ ಎಂದು ಕರೆದರು. 1990ರಲ್ಲಿ ಜೀವಲೋಕದ ಮೂರು ಅತಿದೊಡ್ಡ ವಿಭಾಗಗಳ, ಅಂದರೆ ಮೂರು ಡೊಮೇನ್‌ಗಳ ವರ್ಗೀಕರಣ ಬಂದಾಗ ‘ಬ್ಯಾಕ್ಟೀರಿಯಾ’ ಎಂಬ ಬಾಲವನ್ನು ಕತ್ತರಿಸಿದರು.

ವ್ಯತ್ಯಾಸ ಬರೀ ಹೆಸರಿನದಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಮ್ಯೂರೀನ್ ಇವುಗಳಲ್ಲಿಲ್ಲ. ಕೆಲವಕ್ಕೆ ಅದನ್ನೇ ಹೋಲುವ ಸ್ಯೂಡೋಮ್ಯೂರೀನ್ ಇದೆ, ಉಳಿದ ಹೆಚ್ಚಿನವಕ್ಕೆ ಪ್ರೋಟೀನಿನ ಹೊದಿಕೆ. ಪೊರೆಯ ಕೊಬ್ಬು ಈಥರ್ ಕೊಂಡಿಯದು, ಎಸ್ಟರ್ ಕೊಂಡಿಯದಲ್ಲ. ಮೀಥೇನ್ ತಯಾರಿಸುವ ಕೊನೆಯ ಹೆಜ್ಜೆಯನ್ನು ನಡೆಸುವ ಕಿಣ್ವದ ಒಳಗೆ ನಿಕ್ಕಲ್ ಇರುವ ಎಫ್-430 ಎಂಬ ಸಹಕಿಣ್ವ ಕೂತಿರುತ್ತದೆ. ಎಫ್-420 ಎಂಬ ಇನ್ನೊಂದು ಸಹಕಿಣ್ವ ನೇರಳೆ ಬೆಳಕು ಬಿದ್ದರೆ ನೀಲಿ-ಹಸಿರಾಗಿ ಹೊಳೆಯುತ್ತದೆ. ಸ್ಲರಿಯ (ತೊಟ್ಟಿಯ ಸಗಣಿ ರಾಡಿಯ) ಒಂದು ಹನಿಯನ್ನು ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಸಾವಿರಾರು ಕೋಶಗಳ ನಡುವೆ ಮೀಥೇನ್ ಮಾಡುವವನ್ನು ಗುರುತಿಸುವುದು ಹೆಚ್ಚಾಗಿ ಈ ಹೊಳಪಿನಿಂದಲೇ.

ಪ್ರಶ್ನೆ: ಎಂಎಸ್ಸಿ ಪರೀಕ್ಷೆಗೆ ಮೀಥೇನ್‌ಕಾರಕಗಳ ವರ್ಗೀಕರಣ ಓದುತ್ತಿದ್ದೇನೆ. ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.
— ಧಾರವಾಡದ ವಿದ್ಯಾರ್ಥಿನಿ

ಉತ್ತರ: ಗಣಗಳನ್ನು (ಆರ್ಡರ್) ಹಿಡಿದುಕೊಳ್ಳಿ, ಅವು ಹೆಚ್ಚು ಅಲುಗಾಡಿಲ್ಲ: ಮೆಥನೋಬ್ಯಾಕ್ಟೀರಿಯೇಲಿಸ್, ಮೆಥನೋಕಾಕೇಲಿಸ್, ಮೆಥನೋಪೈರೇಲಿಸ್, ಮೆಥನೋಮೈಕ್ರೋಬಿಯೇಲಿಸ್, ಮೆಥನೋಸೆಲ್ಲೇಲಿಸ್, ಮೆಥನೋಸಾರ್ಸಿನೇಲಿಸ್, ಮೆಥನೋಮ್ಯಾಸಿಲಿಕಾಕೇಲಿಸ್. ಅಲುಗಾಡುತ್ತಿರುವುದು ಅದರ ಮೇಲಿನ ಹಂತ. ಹಳೆಯ ಪುಸ್ತಕಗಳು ಎಲ್ಲವನ್ನೂ ಯೂರಿಆರ್ಕಿಯೋಟಾ ಎಂಬ ಒಂದೇ ವಂಶಕ್ಕೆ (ಫೈಲಮ್) ಸೇರಿಸುತ್ತವೆ. ಜೀನೋಮ್ ಆಧಾರದ ಹೊಸ ಪಟ್ಟಿಗಳು ಅದನ್ನು ಒಡೆದಿವೆ. ಅವುಗಳ ಪ್ರಕಾರ ಮೆಥನೋಸಾರ್ಸಿನಾ, ಉಪ್ಪಿನಲ್ಲಿ ಬದುಕುವ ಮೀಥೇನ್ ಮಾಡದ ಆರ್ಕಿಯಾಗಳ ಜೊತೆ ಹ್ಯಾಲೋಬ್ಯಾಕ್ಟೀರಿಯೋಟಾದಲ್ಲಿದೆ. ಅಂದರೆ ‘ಮೀಥೇನ್‌ಕಾರಕ’ ಎಂಬುದು ಕಸುಬಿನ ಹೆಸರು, ಕುಲದ ಹೆಸರಲ್ಲ. ಮೆಥನೋಥ್ರಿಕ್ಸ್, ಮೆಥನೋಸೀಟಾ ಎರಡೂ ಕಂಡರೆ ಗಾಬರಿಯಾಗಬೇಡಿ; ಎರಡೂ ಒಂದೇ, ಈಗ ಮಾನ್ಯವಾಗಿರುವುದು ಮೊದಲನೆಯದು.

ಕಸುಬಿನೊಳಗೂ ಮೂರು ದಾರಿಗಳಿವೆ. ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಕೂಡಿಸುವವು ಹೆಚ್ಚು. ಮೆಥನಾಲ್, ಮಿಥೈಲ್‌ಅಮೈನ್‌ಗಳನ್ನು ಬಳಸುವವು ಕೆಲವು. ಅಸಿಟೇಟನ್ನು (ವಿನೆಗರ್ ಆಮ್ಲದ ರೂಪ) ಸೀಳಿ ಮೀಥೇನ್ ಮಾಡುವವು ಮೆಥನೋಸಾರ್ಸಿನಾ ಮತ್ತು ಮೆಥನೋಥ್ರಿಕ್ಸ್, ಎರಡೇ. ಆದರೂ ಸಗಣಿ ತೊಟ್ಟಿಯ ಮೀಥೇನ್‌ನಲ್ಲಿ ಸುಮಾರು ಮೂರನೇ ಎರಡು ಪಾಲು ಅಸಿಟೇಟಿನಿಂದ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳದಿದ್ದರೂ ಬರೆಯಿರಿ.

ಪ್ರಶ್ನೆ: ಹಸುವಿನ ಹೊಟ್ಟೆಯಲ್ಲೇ ಇವು ಇವೆಯಲ್ಲ. ಮತ್ತೆ ಹೊಸ ತೊಟ್ಟಿಗೆ ಬರೀ ಸಗಣಿ ತುಂಬಿದರೆ ವಾರಗಟ್ಟಲೆ ಉರಿಯುವ ಗ್ಯಾಸ್ ಯಾಕೆ ಬರುವುದಿಲ್ಲ?
— ಹಾಸನದ ಓದುಗರು

ಉತ್ತರ: ಹೊಟ್ಟೆಯಲ್ಲಿರುವುದು ಮುಖ್ಯವಾಗಿ ಮೆಥನೋಬ್ರೆವಿಬ್ಯಾಕ್ಟರ್, ಹೈಡ್ರೋಜನ್ ತಿನ್ನುವುದು. ಅಲ್ಲಿ ಹುಟ್ಟುವ ಅಸಿಟೇಟನ್ನು ಹಸುವೇ ಹೀರಿಕೊಳ್ಳುತ್ತದೆ, ಹಾಲಿನ ಕೊಬ್ಬಿಗೂ ಅದೇ ಬೇಕು. ಮೇವು ಅಲ್ಲಿ ನಿಲ್ಲುವುದು ಒಂದೆರಡು ದಿನ. ದ್ವಿಗುಣವಾಗಲು ಹಲವು ದಿನ ಹಿಡಿಯುವ ಅಸಿಟೇಟ್ ಭಕ್ಷಕಗಳು ಅಲ್ಲಿ ನೆಲೆಯೂರುವ ಮೊದಲೇ ಕೊಚ್ಚಿಹೋಗುತ್ತವೆ. ಹಾಗಾಗಿ ಸಗಣಿಯ ಜೊತೆ ಅವು ಬರುವುದೇ ತೀರಾ ಕಡಿಮೆ. ನಡೆಯುತ್ತಿರುವ ತೊಟ್ಟಿಯಿಂದ ಹೊಸ ತೊಟ್ಟಿಯ ಹತ್ತನೇ ಒಂದು ಭಾಗದಷ್ಟಾದರೂ ಸ್ಲರಿ ತಂದು ಸುರಿಯಿರಿ. ಮೊದಲು ತುಂಬಿಕೊಳ್ಳುವ ಗ್ಯಾಸ್ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಗಾಳಿ. ಅದನ್ನು ಹೊರಗೆ ಬಿಟ್ಟುಬಿಡಿ, ಹಚ್ಚಲು ಹೋಗಬೇಡಿ.

ಪ್ರಶ್ನೆ: ನಮ್ಮದು 2 ಘನಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರ. ಸಮಾರಂಭದಲ್ಲಿ ಉಳಿದ ಅನ್ನ, ಪಾಯಸ ಎಲ್ಲ ಒಳಗೆ ಹಾಕಿದೆವು. ಮೂರು ದಿನದ ನಂತರ ಒತ್ತಡವಿದೆ, ಉರಿಯಿಲ್ಲ, ಹುಳಿ ವಾಸನೆ.
— ಶಿರಸಿಯ ಓದುಗರು

ಉತ್ತರ: ತೊಟ್ಟಿ ಹುಳಿಯಾಗಿದೆ. ಅನ್ನ, ಬೆಲ್ಲವನ್ನು ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ಆಮ್ಲ ಮಾಡುತ್ತವೆ; ಆರ್ಕಿಯಾ ಆ ವೇಗಕ್ಕೆ ಏಗಲಾರವು. ಜೊತೆಗೆ ಹೈಡ್ರೋಜನ್ ಶೇಖರವಾಗುತ್ತದೆ. ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಆಮ್ಲ‌ಗಳನ್ನು ಒಡೆಯುವ ಬ್ಯಾಕ್ಟೀರಿಯಾಗಳು ಬದುಕುವುದು ಯಾರಾದರೂ ಹೈಡ್ರೋಜನ್ನನ್ನು ಆಗಿಂದಾಗ್ಗೆ ತಿಂದು ಮುಗಿಸುತ್ತಿದ್ದರೆ ಮಾತ್ರ. ಇಂಥ ಬ್ಯಾಕ್ಟೀರಿಯಾ ಮತ್ತು ಹೈಡ್ರೋಜನ್ ತಿನ್ನುವ ಆರ್ಕಿಯಾದ ಜೋಡಿ ಎಷ್ಟು ಬಿಗಿಯೆಂದರೆ, ಒಂದೇ ಜೀವಿ ಎಂದು ದಶಕಗಳ ಕಾಲ ಬೆಳೆಸಿದ್ದ ‘ಮೆಥನೋಬ್ಯಾಸಿಲಸ್ ಒಮೆಲಿಯಾನ್ಸ್ಕೈ’ ಎರಡು ಜೀವಿಗಳ ಜಂಟಿ ಸಂಸಾರ ಎಂದು 1967ರಲ್ಲಿ ಗೊತ್ತಾಯಿತು. ಆ ಕೊಂಡಿ ಕಳಚಿದಾಗ ಆಮ್ಲ ಏರುತ್ತಲೇ ಹೋಗುತ್ತದೆ.

ಪಿಎಚ್ ಕಾಗದ ತಂದು ಹೊರಬರುವ ಸ್ಲರಿಯನ್ನು ನೋಡಿ. 6.8ರಿಂದ 7.5 ಇರಬೇಕು. ಏನನ್ನೂ ಹಾಕದೆ ಒಂದು ವಾರ ಬಿಡಿ, 6.5ರ ಮೇಲಿದ್ದರೆ ಎಷ್ಟೋ ಸಲ ಅಷ್ಟೇ ಸಾಕು. ಅದಕ್ಕಿಂತ ಕೆಳಗಿದ್ದರೆ ಅರ್ಧ ಕಿಲೋ ಸುಟ್ಟ ಸುಣ್ಣವನ್ನು ಮೊದಲು ಅರಳಿಸಿ, ಬಕೆಟ್ ನೀರಿನಲ್ಲಿ ಕದಡಿ, ತಣಿಸಿ ಹಾಕಿ. ಎರಡು ದಿನ ಬಿಟ್ಟು ಮತ್ತೆ ಅಳೆದ ಮೇಲೆಯೇ ಇನ್ನೊಂದು ಬಕೆಟ್. ಒಮ್ಮೆಲೇ ಸುರಿದರೆ ಸುಣ್ಣವು ಇಂಗಾಲದ ಡೈಆಕ್ಸೈಡನ್ನು ಹಿಡಿದು ಗಟ್ಟಿಯಾಗಿ ತಳ ಸೇರುತ್ತದೆ, ಪಿಎಚ್ ಒಮ್ಮೆ ಹಾರಿ ಮತ್ತೆ ಬೀಳುತ್ತದೆ. ಬೇರೆ ತೊಟ್ಟಿಯ ಒಳ್ಳೆಯ ಸ್ಲರಿ ಹತ್ತಿಪ್ಪತ್ತು ಬಕೆಟ್ ಸಿಕ್ಕರೆ ನನ್ನ ಮತ ಸುಣ್ಣಕ್ಕಿಂತ ಅದಕ್ಕೇ. ಜ್ವಾಲೆ ನೀಲಿಯಾಗಿ ನಿಂತ ಮೇಲೆ ದಿನಕ್ಕೆ 10–12 ಕಿಲೋ ಸಗಣಿ, ಅಷ್ಟೇ ನೀರಿನಿಂದ ಶುರುಮಾಡಿ, ಎರಡು ಮೂರು ವಾರದಲ್ಲಿ ಮಾಮೂಲಿ 50 ಕಿಲೋಗೆ ತನ್ನಿ. ಏನಾಗಿದೆ ನೋಡೋಣ ಎಂದು ಯಾರೂ ತೊಟ್ಟಿಗೆ ಇಳಿಯಕೂಡದು. ಒಳಗೆ ಆಮ್ಲಜನಕವಿಲ್ಲ, ಹೈಡ್ರೋಜನ್ ಸಲ್ಫೈಡ್ ಇದೆ.

ಪ್ರಶ್ನೆ: ಕೆಚ್ಚಲುಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಸಗಣಿ ಹಾಕಬಹುದೆ?
— ಪುತ್ತೂರಿನ ಓದುಗರು

ಉತ್ತರ: ಪೆನಿಸಿಲಿನ್ ಜಾತಿಯ ಔಷಧ ಹೊಡೆಯುವುದು ಮ್ಯೂರೀನ್ ಕಟ್ಟುವ ಕೆಲಸಕ್ಕೆ, ಮ್ಯೂರೀನೇ ಇಲ್ಲದ ಆರ್ಕಿಯಾಕ್ಕೆ ಅದು ನೇರವಾಗಿ ತಟ್ಟದು. ಆದರೆ ಅವುಗಳಿಗೆ ಊಟ ಒದಗಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಹತ್ತು ಹಸುಗಳಲ್ಲಿ ಒಂದಾದರೆ ಚಿಂತೆಯಿಲ್ಲ. ಇರುವುದೇ ಎರಡಾದರೆ ಚಿಕಿತ್ಸೆ ಮುಗಿದು ಕೆಲವು ದಿನದವರೆಗೆ ಆ ಸಗಣಿ ಗೊಬ್ಬರದ ಗುಂಡಿಗೆ ಹೋಗಲಿ. ಇದಕ್ಕಿಂತ ಕೆಟ್ಟದ್ದು ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಮತ್ತು ಗೊರಸು ಅದ್ದುವ ಮೈಲುತುತ್ತದ ನೀರು. ಇವೆರಡೂ ಒಳಹರಿವಿನ ತೊಟ್ಟಿಗೆ ಸೇರದಂತೆ ಚರಂಡಿಯನ್ನು ಬೇರೆ ಕಡೆ ತಿರುಗಿಸಿ.