ಒಂದೇ ಸದನದ ನೆಬ್ರಾಸ್ಕಾ

ಪ್ರಶ್ನೆ: ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಮೇಲ್ಮನೆಯೇ ಇಲ್ಲವಂತೆ, ನಿಜವೇ? ನಮ್ಮ ವಿಧಾನ ಪರಿಷತ್ತನ್ನೂ ಹಾಗೆ ರದ್ದುಪಡಿಸಲು ಸಾಧ್ಯವೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನಿಜ. ಅಲ್ಲಿನ 50 ರಾಜ್ಯಗಳ ಪೈಕಿ ಒಂದೇ ಸದನವಿರುವುದು ನೆಬ್ರಾಸ್ಕಾದಲ್ಲಿ ಮಾತ್ರ. ಎರಡು ಸದನಗಳ ಭಿನ್ನಾಭಿಪ್ರಾಯ ಬಗೆಹರಿಸುವ ಜಂಟಿ ಸಮಿತಿಯಲ್ಲಿ ಕೆಲವೇ ಮಂದಿ ಗುಟ್ಟಾಗಿ ಕುಳಿತು ಕಾನೂನಿನ ಸ್ವರೂಪವನ್ನು ನಿರ್ಧರಿಸುತ್ತಾರೆಂದು ಆಕ್ಷೇಪಿಸಿದ ಅಮೆರಿಕ ಸಂಸತ್ತಿನ ಮೇಲ್ಮನೆಯಲ್ಲಿ (ಸೆನೆಟ್) ನೆಬ್ರಾಸ್ಕಾವನ್ನು ಪ್ರತಿನಿಧಿಸುತ್ತಿದ್ದ ಜಾರ್ಜ್ ನಾರಿಸ್, ರಾಜ್ಯದಾದ್ಯಂತ ಸಂಚರಿಸಿ ಏಕಸದನದ ಪರವಾಗಿ ಪ್ರಚಾರ ಮಾಡಿದರು. 1934ರಲ್ಲಿ ಮತದಾರರು ಅದಕ್ಕೆ ಸಮ್ಮತಿಸಿದರು, 1937ರಲ್ಲಿ ಹೊಸ ಸದನ ಮೊದಲ ಬಾರಿಗೆ ಸೇರಿತು. ಈಗ 49 ಸದಸ್ಯರಿದ್ದಾರೆ; ಅವರನ್ನು ಆರಿಸುವ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಇದೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾಗಿರುವುದು, ಬಹುತೇಕ ಎಲ್ಲ ಮಸೂದೆಗಳಿಗೂ ಸಾರ್ವಜನಿಕ ವಿಚಾರಣೆ ನಡೆಯುತ್ತದೆ ಮತ್ತು ಸಾಮಾನ್ಯ ರೈತನೂ ಸಮಿತಿಯ ಮುಂದೆ ತನ್ನ ಮಾತು ಹೇಳಬಹುದು ಎಂಬ ಸಂಗತಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರಿಗಾಗಿ ಕಾಯುವವರಿಗೆ ಅಂತಹ ಅವಕಾಶದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ನಮ್ಮಲ್ಲಿಯೂ ಸಾಧ್ಯವಿದೆ. ಸಂವಿಧಾನದ 169ನೇ ವಿಧಿಯಂತೆ, ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಅಂಗೀಕರಿಸಿದರೆ ಸಂಸತ್ತು ಕಾನೂನಿನ ಮೂಲಕ ಪರಿಷತ್ತನ್ನು ರದ್ದುಪಡಿಸಬಹುದು. ಆದರೆ ಪದವೀಧರರಿಗೆ, ಶಿಕ್ಷಕರಿಗೆ, ಸ್ಥಳೀಯ ಸಂಸ್ಥೆಗಳಿಗೆ ಅಲ್ಲಿರುವ ಪ್ರಾತಿನಿಧ್ಯವನ್ನು ಕಳೆದುಕೊಳ್ಳುವ ಮೊದಲು, ಮಸೂದೆಗಳ ಮೇಲೆ ಅಂತಹ ವಿಚಾರಣೆಯನ್ನು ಕಡ್ಡಾಯಗೊಳಿಸುವಂತೆ ನಾವು ಒತ್ತಾಯಿಸಬೇಕೆಂಬುದು ನನ್ನ ಅಭಿಪ್ರಾಯ.