ಅಜ್ಜನ ಕಾಯಿಲೆಗೆ ನಾನು ಓದಿದ ಪುಸ್ತಕ ಕಾರಣವೇ?

ಪ್ರಶ್ನೆ: ನಾವು ದಕ್ಷಿಣ ಕನ್ನಡ ಮೂಲದ ಪ್ರಾಟೆಸ್ಟಂಟ್ ಕ್ರೈಸ್ತರು. ಈಗ ಬೆಂಗಳೂರಿನಲ್ಲಿದ್ದೇವೆ. ಅತ್ತೆ, ಮಾವ ನಮ್ಮ ಜೊತೆಗೇ ಇದ್ದಾರೆ. ಮಗಳಿಗೆ ಹತ್ತು ವರ್ಷ. ಕಳೆದ ಕ್ರಿಸ್ಮಸ್‌ಗೆ ನನ್ನ ತಮ್ಮ ಅವಳಿಗೆ ಮಂತ್ರವಿದ್ಯೆಯ ಶಾಲೆಗೆ ಸೇರುವ ಹುಡುಗನ ಕಥೆಯಾದ ಹ್ಯಾರಿ ಪಾಟರ್ ಸರಣಿಯ ಮೊದಲ ಮೂರು ಪುಸ್ತಕಗಳನ್ನು ಕೊಟ್ಟ. ಊಟದ ಪರಿವೆಯೂ ಇಲ್ಲದೆ ಓದತೊಡಗಿದಳು. ಅತ್ತೆ ಹೋಗುವ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಅದನ್ನು ನೋಡಿ, ಇದು ಮಾಟ ಕಲಿಸುವ ಪುಸ್ತಕ, ಮನೆಯಲ್ಲಿಟ್ಟರೆ ದುರಾತ್ಮಕ್ಕೆ ಬಾಗಿಲು ತೆರೆದಂತೆ ಎಂದರು. ಇದನ್ನು ಓದಿದ ಲಕ್ಷಾಂತರ ಮಕ್ಕಳು ಸೈತಾನನ ಆರಾಧನೆಗೆ ಸೇರಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶವನ್ನೂ ತೋರಿಸಿದರು. ಅತ್ತೆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಗಳು ಗೆಳತಿಯಿಂದ ಎರವಲು ತಂದು, ರಾತ್ರಿ ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದುವಾಗ ಸಿಕ್ಕಿಬಿದ್ದಳು. ಅದಾಗಿ ಹತ್ತು ದಿನಕ್ಕೆ ಮಾವನವರಿಗೆ ಪಾರ್ಶ್ವವಾಯು ಹೊಡೆಯಿತು. ಹದಿನೈದು ವರ್ಷಗಳಿಂದ ರಕ್ತದೊತ್ತಡವಿತ್ತು, ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕೂಟದವರು ಆಸ್ಪತ್ರೆಯಲ್ಲಿ ಮಗಳ ಎದುರಿಗೇ ‘ಮನೆಯೊಳಗೆ ಬರಬಾರದ್ದು ಬಂದಿದೆ’ ಎಂದರು. ಬರುವ ಉಪವಾಸ ಪ್ರಾರ್ಥನೆಯ ದಿನ ಪುಸ್ತಕಗಳನ್ನು ಸುಡಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ. ‘ಅಮ್ಮ ಹೇಳಿದಂತೆ ಆಗಲಿ, ಮನೆಯಲ್ಲಿ ಶಾಂತಿ ಇರಲಿ’ ಎನ್ನುತ್ತಾರೆ ನನ್ನವರು. ನಾನೂ ದೇವರಿಗೆ ಹೆದರುವವಳೇ, ನನಗೂ ಒಳಗೊಳಗೆ ಅಳುಕಿದೆ. ಪುಸ್ತಕಗಳನ್ನು ಏನು ಮಾಡಲಿ? ಮೊನ್ನೆ ಮಲಗುವಾಗ ಮಗಳು, ‘ಅಮ್ಮಾ, ನಾನು ಕದ್ದು ಓದಿದ್ದಕ್ಕೇ ಅಜ್ಜನಿಗೆ ಹೀಗಾಯಿತೇ?’ ಎಂದು ಕೇಳಿದಳು. ಉತ್ತರ ಹೊಳೆಯದೆ ದೀಪ ಆರಿಸಿಬಿಟ್ಟೆ.
— ಹೆಸರು, ಊರು ಬೇಡ

ಉತ್ತರ: ತಂಗಿ, ನೀವು ಕೇಳಿರುವುದು ಪುಸ್ತಕದ ಬಗ್ಗೆ. ನನ್ನ ಕಣ್ಣು ನಿಂತಿದ್ದು ನೀವು ಕಟ್ಟಕಡೆಗೆ ಬರೆದ ಎರಡು ಸಾಲುಗಳ ಮೇಲೆ. ಪುಸ್ತಕದ ತೀರ್ಮಾನ ಒಂದು ತಿಂಗಳು ತಡವಾದರೂ ಯಾರಿಗೂ ನಷ್ಟವಿಲ್ಲ. ಆದರೆ ಅಜ್ಜನನ್ನು ಹಾಸಿಗೆ ಹಿಡಿಸಿದವಳು ತಾನೇ ಎಂದುಕೊಂಡು ಹತ್ತು ವರ್ಷದ ಮಗು ಇನ್ನೊಂದು ರಾತ್ರಿ ಮಲಗಬಾರದು. ಈ ಅಂಕಣ ನಿಮ್ಮ ಕೈಗೆ ಸಿಕ್ಕ ದಿನವೇ ಅವಳ ಪಕ್ಕದಲ್ಲಿ ಕುಳಿತು, ‘ಅವತ್ತು ನೀನು ಕೇಳಿದಾಗ ನಾನು ಸುಮ್ಮನಿದ್ದೆ, ಅದು ನನ್ನ ತಪ್ಪು. ಅಜ್ಜನ ಕಾಯಿಲೆಗೂ ನಿನ್ನ ಪುಸ್ತಕಕ್ಕೂ ಏನೇನೂ ಸಂಬಂಧವಿಲ್ಲ’ ಎಂದು ಹೇಳಿ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಪಾರ್ಶ್ವವಾಯು ಆಗುತ್ತದೆ, ವರ್ಷಾನುಗಟ್ಟಲೆ ರಕ್ತದೊತ್ತಡ ಏರಿಯೇ ಇದ್ದರೆ ಆ ಅಪಾಯ ಹೆಚ್ಚು ಎಂದು ವಿವರಿಸಿ. ಹತ್ತು ವರ್ಷದವಳಿಗೆ ಇದು ಅರ್ಥವಾಗುತ್ತದೆ. ಬೇಕಾದರೆ ಮಾವನವರ ವೈದ್ಯರ ಬಳಿಗೇ ಅವಳನ್ನು ಕರೆದೊಯ್ದು, ಅವರ ಬಾಯಿಂದಲೇ ಕೇಳಿಸಿ. ಮಾವನವರಿಗೆ ಮಾತು ಮರಳುತ್ತಿದ್ದರೆ ಇನ್ನೂ ಒಳ್ಳೆಯದು. ಅಜ್ಜ ಮೊಮ್ಮಗಳ ಕೈ ಹಿಡಿದು ‘ನಿನ್ನಿಂದಲ್ಲ ಮಗಾ’ ಎಂದು ತೊದಲಿದರೂ ಸಾಕು, ನಾವು ನೂರು ಸಲ ಹೇಳುವುದಕ್ಕಿಂತ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಅಪ್ಪ ಅಮ್ಮ ಜಗಳವಾಡಿದಾಗ ‘ಇದು ನನ್ನಿಂದಲೇ ಆಯಿತು’ ಎಂದುಕೊಳ್ಳುವ ಮಕ್ಕಳು ಬಹಳ. ಅನೇಕರು ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಿಮ್ಮ ಮಗಳು ಹೇಳಿದ್ದಾಳೆ. ಅಮ್ಮನ ಮೇಲೆ ಅವಳಿಗಿರುವ ಆ ಭರವಸೆಯನ್ನು ಕಾಪಾಡಿಕೊಳ್ಳಿ.

ನಾನು ನಿಮ್ಮ ಮತದವಳಲ್ಲ. ಆದರೂ ಸತ್ಯವೇದವನ್ನು (ಬೈಬಲನ್ನು) ಗೌರವದಿಂದ ಓದಿದವಳು. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಅತ್ತೆಯ ಜೊತೆ ಕುಳಿತು ಒಮ್ಮೆ ಓದಿ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು, ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂಬುದು ಯೇಸುವಿನ ಉತ್ತರ. ಕಾಯಿಲೆ ಕಂಡೊಡನೆ ಪಾಪಿಯನ್ನು ಹುಡುಕುವ ಮನಸ್ಸಿಗೆ ಅವನು ಅಲ್ಲೇ ತಡೆ ಹಾಕಿದ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಆ ಮಾತನ್ನಾಡಿದವರು ಕೆಟ್ಟವರೆಂದು ನಾನು ಭಾವಿಸುವುದಿಲ್ಲ, ಆದರೆ ಅವರು ಮಾಡಿದ್ದು ಕ್ರೌರ್ಯ. ಹಾಗೆಂದು ಅವರಿಗೆ ಹೇಳಬೇಕಾದವರು ನಿಮ್ಮ ಪತಿ. ಮಗುವಿನ ಎದುರು ಇನ್ನು ಅಂಥ ಮಾತು ಕೂಡದು ಎಂದು ಅವರು ಮರ್ಯಾದೆಯಿಂದಲೇ, ಆದರೆ ಖಡಾಖಂಡಿತವಾಗಿ ತಿಳಿಸಲಿ. ಸೊಸೆ ಹೇಳಿದರೆ ಅದು ಅತ್ತೆ–ಸೊಸೆಯ ಜಗಳವಾಗುತ್ತದೆ, ಮಗಳ ಮಾತು ಬದಿಗೆ ಸರಿಯುತ್ತದೆ. ಶಾಂತಿ ಬೇಕೆನ್ನುವವರು ಮಗಳ ಮನಸ್ಸಿನ ಶಾಂತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇನ್ನು ಆ ವಾಟ್ಸ್‌ಆ್ಯಪ್ ಸಂದೇಶ. ಅದರ ಪೂರ್ಣ ಪಾಠವನ್ನು ನೀವು ಕಳಿಸಿಲ್ಲ. ಆದರೆ ಇಂಥದ್ದೇ ಸುದ್ದಿಯೊಂದು ಇಪ್ಪತ್ತೈದು ವರ್ಷಗಳಿಂದ ಲೋಕ ಸುತ್ತುತ್ತಿದೆ. ಅಮೆರಿಕದಲ್ಲಿ ‘ದಿ ಆನಿಯನ್’ ಎಂಬ ವಿಡಂಬನಾ ಪತ್ರಿಕೆಯಿದೆ, ಅದರಲ್ಲಿ ಬರುವ ಸುದ್ದಿಗಳೆಲ್ಲ ಬೇಕೆಂದೇ ಕಟ್ಟಿದವು. 2000ದಲ್ಲಿ ಅದು, ಹ್ಯಾರಿ ಪಾಟರ್ ಓದಿ ಮಕ್ಕಳಲ್ಲಿ ಸೈತಾನನ ಆರಾಧನೆ ಹೆಚ್ಚುತ್ತಿದೆ ಎಂದು ನಗಿಸಲು ಒಂದು ಬರಹ ಪ್ರಕಟಿಸಿತು. ಅದನ್ನು ನಿಜವೆಂದು ನಂಬಿದ ಭಕ್ತರು ಇ-ಮೇಲ್‌ನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದರು, ಮೂಲದ ಹೆಸರು ಎಲ್ಲೋ ಕಳಚಿಬಿತ್ತು, ಭಯ ಮಾತ್ರ ಉಳಿಯಿತು. ನಿಮ್ಮ ಮನೆಗೆ ಬಂದ ಸಂದೇಶಕ್ಕೆ ಮೂಲ ಯಾವುದು, ಯಾವ ಊರಿನ ಯಾವ ಮಕ್ಕಳು ಎಂದು ಆ ಹಿರಿಯರನ್ನೇ ಕೇಳಿ ನೋಡಿ.

ಆದರೆ ಆಕ್ಷೇಪವೆಲ್ಲ ಗಾಳಿಸುದ್ದಿಯಿಂದ ಹುಟ್ಟಿದ್ದಲ್ಲ. ನಿಮ್ಮ ಅತ್ತೆಯ ಅಳುಕಿಗೆ ಬೇರಿದೆ. ಸತ್ಯವೇದದ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯ ಕಣಿ ಹೇಳುವುದನ್ನು, ಮಾಟ ಮಾಡುವುದನ್ನು, ಸತ್ತವರನ್ನು ವಿಚಾರಿಸುವುದನ್ನು ನೇರವಾಗಿ ನಿಷೇಧಿಸುತ್ತದೆ. ಅದೇ ವಾಕ್ಯಗಳನ್ನು ಹಿಡಿದು ಅಮೆರಿಕದ ಪೋಷಕರು ಶಾಲೆಗಳಿಗೆ ದೂರು ಕೊಟ್ಟರು. 2000ದಿಂದ 2009ರವರೆಗಿನ ದಶಕದಲ್ಲಿ ಅಲ್ಲಿನ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದು ಇದೇ ಸರಣಿ ಎಂದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ದಾಖಲಿಸಿದೆ. 2001ರ ಡಿಸೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಪಟ್ಟಣದ ಚರ್ಚ್ ಒಂದು ಈ ಪುಸ್ತಕಗಳನ್ನು ಸುಟ್ಟಿತು. 2019ರಲ್ಲಿ ಪೋಲೆಂಡಿನ ಪಾದ್ರಿಗಳು ಸುಟ್ಟರು, ಆಮೇಲೆ ಅದಕ್ಕೆ ಕ್ಷಮೆ ಕೋರಿಕೆಯೂ ಬಂತು. ಧರ್ಮಗುರುಗಳಲ್ಲೇ ಒಮ್ಮತವಿಲ್ಲ. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಜಿಂಗರ್ 2003ರಲ್ಲಿ ಬರೆದ ಒಂದು ಖಾಸಗಿ ಪತ್ರದಲ್ಲಿ, ಈ ಕಥೆಗಳಲ್ಲಿ ಮಕ್ಕಳನ್ನು ಸದ್ದಿಲ್ಲದೆ ಸೆಳೆಯುವ ಗುಣವಿದೆ ಎಂಬ ಕಳವಳವಿತ್ತು. ವ್ಯಾಟಿಕನ್‌ನ ದಿನಪತ್ರಿಕೆ 2008ರ ಜನವರಿಯಲ್ಲಿ ಪರವಾಗಿ ಒಂದು, ವಿರುದ್ಧವಾಗಿ ಒಂದು ಲೇಖನವನ್ನು ಪ್ರಕಟಿಸಿತು. ಹಾಗಾಗಿ ಈ ಪುಸ್ತಕ ಓದಗೊಟ್ಟರೆ ನೀವು ವಿಶ್ವಾಸದಿಂದ ಹೊರಬಿದ್ದಿರೆಂದೂ ಅಲ್ಲ, ಬೇಡವೆಂದರೆ ನೀವು ಹಿಂದುಳಿದವರೆಂದೂ ಅಲ್ಲ.

ಸುಡುವವರು ಸಾಮಾನ್ಯವಾಗಿ ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ತೋರಿಸುತ್ತಾರೆ. ಎಫೆಸದಲ್ಲಿ ಐವತ್ತು ಸಾವಿರ ಬೆಳ್ಳಿ ನಾಣ್ಯಗಳ ಬೆಲೆಯ ಮಾಟದ ಪುಸ್ತಕಗಳು ಬೆಂಕಿಗೆ ಬಿದ್ದ ಪ್ರಸಂಗ ಅದು. ನಿಧಾನವಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಸುಟ್ಟವರು ಸ್ವತಃ ಮಾಟ ಮಾಡುತ್ತಿದ್ದವರು. ತಮ್ಮದೇ ಪುಸ್ತಕಗಳನ್ನು ತಾವಾಗಿಯೇ ತಂದು ಸುಟ್ಟರು. ಮಗುವಿನ ಕೈಯಿಂದ ಕಥೆಪುಸ್ತಕ ಕಿತ್ತುಕೊಂಡವರು ಅಲ್ಲಿ ಯಾರೂ ಇಲ್ಲ.

‘ಮಾಟ’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅರ್ಧ ಗೊಂದಲ ಅಲ್ಲಿಯೇ ಇದೆ. ಇಂಗ್ಲಿಷಿನವರು ಎಲ್ಲವನ್ನೂ ‘ಮ್ಯಾಜಿಕ್’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮಾಯೆ ಬೇರೆ, ಇಂದ್ರಜಾಲ ಬೇರೆ, ಕಣ್ಕಟ್ಟು ಬೇರೆ, ಪವಾಡ ಬೇರೆ, ಮಾಟ ಬೇರೆ. ಮಾಟವೆಂದರೆ ನಿಂಬೆಹಣ್ಣು, ಕುಂಕುಮ, ನಡುರಾತ್ರಿ, ಯಾರನ್ನೋ ಹಾಳುಮಾಡುವ ಹಗೆ. ಅದರ ಹೆಸರಿನಲ್ಲಿ ನಮ್ಮ ಹಳ್ಳಿಗಳಲ್ಲಿ ಒಂಟಿ ಹೆಂಗಸರು ಏಟು ತಿಂದಿದ್ದಾರೆ. 2017ರಲ್ಲಿ ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ತರಬೇಕಾಗಿ ಬಂದ ನಾಡು ನಮ್ಮದು. ಪೊರಕೆಯ ಮೇಲೆ ಹಾರುವ ಹುಡುಗನ ಕಥೆಯನ್ನು ಯಾರಾದರೂ ‘ಮಾಟದ ಪುಸ್ತಕ’ ಎಂದು ಅನುವಾದಿಸಿ ಹೇಳಿದರೆ, ಅಂಥ ಊರಿನಲ್ಲಿ ಬೆಳೆದ ಹಿರಿಯ ಹೆಂಗಸಿಗೆ ಎದೆ ಝಲ್ಲೆನ್ನದೆ ಇರುತ್ತದೆಯೇ? ಅತ್ತೆ ಚಿಕ್ಕಂದಿನಲ್ಲಿ ಏನು ಕಂಡಿದ್ದರು, ಏನು ಕೇಳಿದ್ದರು ಎಂದು ಒಂದು ಮಧ್ಯಾಹ್ನ ಬಿಡುವಾಗಿ ಕೇಳಿ. ವಾದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. ಹಾಗೆಯೇ ಕಿಂದರಿಜೋಗಿಯ ನೆನಪನ್ನೂ ಕೆದಕಿ ನೋಡಿ. ಜೋಗಿ ಕಿಂದರಿ ಬಾರಿಸಿದೊಡನೆ ಬೊಮ್ಮನಹಳ್ಳಿಯ ಇಲಿಗಳೆಲ್ಲ ಹಿಂಬಾಲಿಸಿದ್ದೂ ಮಾಯೆಯೇ. ಕುವೆಂಪು ಅವರ ಆ ಪದ್ಯವನ್ನು ಬಾಯಿಪಾಠ ಮಾಡಿದ ಮಕ್ಕಳಲ್ಲಿ ಎಲ್ಲ ಮತದವರೂ ಇದ್ದರು, ಯಾರೂ ಮಂತ್ರವಾದಿಗಳಾಗಲಿಲ್ಲ.

ಈ ಸರಣಿಯನ್ನು ನಾನು ಓದಿದ್ದೇನೆ. ಅದರಲ್ಲಿ ಮಂತ್ರಶಕ್ತಿ ಹುಟ್ಟಿನಿಂದ ಬರುವ ಸಾಮರ್ಥ್ಯ, ಹಾಡುಗಾರಿಕೆ ಕೆಲವರಿಗೆ ಒಲಿದು ಬರುವಂತೆ. ಮಕ್ಕಳು ಯಾವ ಆತ್ಮವನ್ನೂ ಕರೆದು ಕೆಲಸ ಮಾಡಿಸಿಕೊಳ್ಳುವುದಿಲ್ಲ. ಮಂತ್ರಗಳು ಹೆಚ್ಚಾಗಿ ಲ್ಯಾಟಿನ್ನಿನಂತೆ ಕೇಳುವ, ಲೇಖಕಿ ಹೊಸೆದ ಪದಗಳು. ಕಣಿ ಹೇಳುವ ತರಗತಿಯಿಂದ ಅತ್ಯಂತ ಜಾಣ ಹುಡುಗಿಯೇ ಬೇಸತ್ತು ಎದ್ದು ಹೋಗುತ್ತಾಳೆ. ಕೊನೆಯ ಪುಸ್ತಕದಲ್ಲಿ ಸತ್ತವರನ್ನು ಮರಳಿ ಕರೆಯಬಲ್ಲ ಕಲ್ಲೊಂದು ನಾಯಕನಿಗೆ ಸಿಗುತ್ತದೆ. ಅವನು ಅದನ್ನು ಒಮ್ಮೆ ಬಳಸಿ ಕಾಡಿನಲ್ಲಿ ಬಿಟ್ಟುಬಿಡುತ್ತಾನೆ, ಮತ್ತೆ ಹುಡುಕುವುದಿಲ್ಲ. ಅವನ ತಂದೆತಾಯಿಯ ಸಮಾಧಿಕಲ್ಲಿನ ಮೇಲೆ ಕೆತ್ತಿರುವುದು ಸತ್ಯವೇದದಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದ ವಾಕ್ಯ, ಕಡೆಯ ಶತ್ರುವಾದ ಮರಣ ನಾಶವಾಗುವ ಕುರಿತದ್ದು. ಕ್ರೈಸ್ತ ಹೋಲಿಕೆಗಳು ತನಗೆ ಮೊದಲಿನಿಂದಲೂ ಸ್ಪಷ್ಟವಾಗಿದ್ದವು ಎಂದು ಲೇಖಕಿಯೇ 2007ರಲ್ಲಿ ಹೇಳಿದ್ದರು.

ನನಗೆ ಒಪ್ಪಿಗೆಯಾಗುವ ಆಕ್ಷೇಪವೂ ಒಂದಿದೆ. ಕ್ರೈಸ್ತ ಮನೆಗಳಲ್ಲಿ ಸಂತೋಷದಿಂದ ಓದಿಸುವ ನಾರ್ನಿಯಾ ಕಥೆಗಳಲ್ಲಿಯೂ ಮಾಟಗಾತಿ ಇದ್ದಾಳೆ, ಆದರೆ ಅಲ್ಲಿ ಮಂತ್ರ ಹಾಕುವುದು ಬಹುಮಟ್ಟಿಗೆ ಮಕ್ಕಳ ಕೆಲಸವಲ್ಲ. ಇಲ್ಲಿ ಅದು ಮಕ್ಕಳದೇ ವಿದ್ಯೆ. ಓದುವ ಮಗುವೂ ಕೋಲು ಹಿಡಿದು ‘ನಾನೂ’ ಎನ್ನುತ್ತದೆ. ನನ್ನ ಕಣ್ಣಿಗೆ ಅದು ಆಟ. ನಿಮ್ಮ ಮನಸ್ಸಿಗೆ ಅದು ಒಗ್ಗದಿದ್ದರೆ ಆ ಅಳುಕನ್ನು ನಾನು ಸಣ್ಣದು ಮಾಡುವುದಿಲ್ಲ. ಇನ್ನೊಂದು, ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಸ್ಮಶಾನದ ದೃಶ್ಯವೊಂದು ಬರುತ್ತದೆ. ಮೂಳೆ, ಮಾಂಸ, ರಕ್ತ ಹಾಕಿ ದುಷ್ಟನಿಗೆ ಮತ್ತೆ ದೇಹ ಕೊಡುತ್ತಾರೆ. ಅದು ನಿಜಕ್ಕೂ ಭಯಂಕರ. ಹೆದರಿಕೊಂಡಿರುವ ಈ ಮಗುವಿಗೆ ಈಗ ಅದು ಬೇಡ. ತಮ್ಮ ಕೊಟ್ಟಿರುವುದು ಮೊದಲ ಮೂರೇ ಆದದ್ದು ಒಳ್ಳೆಯದಾಯಿತು.

ಹಾಗಾದರೆ ಏನು ಮಾಡಬೇಕು? ಸುಡುವುದು ಬೇಡ. ಸುಟ್ಟರೆ ಅಜ್ಜನ ಕಾಯಿಲೆಗೆ ಪುಸ್ತಕವೇ ಕಾರಣವೆಂದು ಮನೆಯವರೆಲ್ಲ ಸೇರಿ ಮಗಳಿಗೆ ರುಜು ಹಾಕಿಕೊಟ್ಟಂತೆ. ಮುಂದೆ ಮಾವನವರ ಸ್ಥಿತಿ ಏರುಪೇರಾದಾಗಲೆಲ್ಲ ಅವಳು ತನ್ನೊಳಗೇ ತಪ್ಪು ಹುಡುಕುತ್ತಾಳೆ. ಪುಸ್ತಕಗಳನ್ನು ಸದ್ಯಕ್ಕೆ ನಿಮ್ಮ ತಮ್ಮನ ಮನೆಯಲ್ಲಿಡಿ, ಅತ್ತೆಗೂ ಮನಸ್ಸು ಹಗುರವಾದೀತು. ಮೊದಲನೆಯದನ್ನು ಮಾತ್ರ ನೀವು ತಂದು ಓದಿ, ಕದ್ದಲ್ಲ, ಮನೆಯವರಿಗೆ ಹೇಳಿಯೇ. ನಿಮ್ಮ ಸಭಾಪಾಲಕರು ಸಮಾಧಾನದ ಸ್ವಭಾವದವರಾಗಿದ್ದರೆ ಅವರಿಗೂ ಓದಲು ಕೊಡಿ. ಅತ್ತೆ ನಿಮ್ಮ ಮಾತಿಗಿಂತ ಅವರ ಮಾತಿಗೆ ಬೇಗ ಕಿವಿಗೊಡುತ್ತಾರೆ. ಓದಿದ ಮೇಲೂ ಇದು ನಮ್ಮ ಮನೆಗೆ ಹೊಂದುವುದಿಲ್ಲ ಎನಿಸಿದರೆ ಮಗಳಿಗೆ ಕಾರಣ ಸಹಿತ ಹೇಳಿ, ಅದು ತಾಯಿಯಾಗಿ ನಿಮ್ಮ ಹಕ್ಕು. ಹೊಂದುತ್ತದೆ ಎನಿಸಿದರೆ ಹಜಾರದಲ್ಲಿ, ಬೆಳಕಿನಲ್ಲಿ, ದಿನಕ್ಕೊಂದು ಅಧ್ಯಾಯದಂತೆ ಇಬ್ಬರೂ ಸೇರಿ ಓದಿ.

ಕದ್ದು ಓದಿದ್ದಕ್ಕೆ ಬೇರೆ ಶಿಕ್ಷೆ ಬೇಡ, ಆಗಲೇ ಅತಿಯಾಗಿದೆ. ‘ಬೇಕು ಅನಿಸಿದ್ದನ್ನು ನನ್ನ ಹತ್ತಿರ ಕೇಳು, ಬೇಡ ಎಂದರೂ ಏಕೆಂದು ಹೇಳುತ್ತೇನೆ’ ಎಂದು ಮಾತು ಕೊಡಿ, ಕೊಟ್ಟ ಮೇಲೆ ನಡೆಸಿ. ಎರಡು ಮೂರು ವಾರ ಕಳೆದರೂ ಅವಳು ರಾತ್ರಿ ಬೆಚ್ಚಿ ಏಳುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು, ಅಜ್ಜನ ಕೋಣೆಗೆ ಹೋಗಲು ಅಂಜುವುದು ನಿಲ್ಲದಿದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಾವನವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವಾಗ ಲೆಕ್ಕ ಎಣಿಸುವ ಕೆಲಸವನ್ನು ಮಗಳಿಗೆ ವಹಿಸಿ. ಒಂದು, ಎರಡು, ಮೂರು ಎಂದು ಅವಳು ಎಣಿಸಲಿ, ಅಜ್ಜ ಬೆರಳು ಮಡಚಲಿ. ತಿಂಗಳು ಕಳೆದ ಮೇಲೆ ಅವರಿಬ್ಬರೂ ಹೇಗಿದ್ದಾರೆಂದು ನನಗೊಂದು ಕಾಗದ ಬರೆಯಿರಿ.